ಎಚ್ಚರ ತಪ್ಪಿದವರ ಉಸಿರು



ಹೊಲದಲ್ಲಿ ಕೀಟನಾಶಕ ಹೊಡೆಯುತ್ತಿದ್ದವನೊಬ್ಬ ಕುಸಿದು ಬಿದ್ದನೆನ್ನಿ. ಸುತ್ತಲಿನವರು ಮೊದಲು ಮಾಡುವುದೇನು? ಅಂಗಾತ ಮಲಗಿಸಿ ಬಾಯಿಗೆ ನೀರು ಹೊಯ್ಯುವುದು. ಅಕ್ಕರೆಯಿಂದ ಮಾಡುವ ಕೆಲಸವೇ ಸರಿ. ಆದರೆ ಎಚ್ಚರವಿಲ್ಲದವನು ನುಂಗಲಾರ. ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟು.

ಅಂಗಾತ ಮಲಗಿಸುವುದೂ ಕೆಡುಕೇ. ಎಚ್ಚರ ತಪ್ಪಿದಾಗ ದವಡೆ ಸಡಿಲಾಗಿ, ನಾಲಗೆಯ ಬುಡ ಹಿಂದಕ್ಕೆ ಜರುಗಿ ಗಂಟಲನ್ನು ಮುಚ್ಚುತ್ತದೆ. ಆಗ ಗೊರಕೆಯಂಥ ಸದ್ದು ಬರುತ್ತದೆ. "ನಿದ್ದೆ ಹತ್ತಿತು, ಬಿಡಿ" ಎಂದು ಸಮಾಧಾನಪಡುವವರುಂಟು. ಅದು ನಿದ್ದೆಯಲ್ಲ, ಉಸಿರಿನ ದಾರಿ ಅರ್ಧ ಕಟ್ಟಿದೆಯೆಂಬ ಗುರುತು. ಕಾಲುವೆಗೆ ಕಸ ಸಿಕ್ಕರೆ ತಾವು ಮೊದಲು ಕಸವನ್ನೇ ತೆಗೆಯುವಿರಲ್ಲವೆ? ಇಲ್ಲಿಯೂ ಹಾಗೆಯೇ.

ಒಂದು ಕೈಯನ್ನು ಹಣೆಯ ಮೇಲಿಟ್ಟು, ಇನ್ನೊಂದು ಕೈಯ ಎರಡು ಬೆರಳುಗಳಿಂದ ಗದ್ದದ ಮೂಳೆಯನ್ನು ಮೇಲಕ್ಕೆತ್ತಿ, ತಲೆಯನ್ನು ಹಿಂದಕ್ಕೆ ಬಾಗಿಸಿರಿ. ನಾಲಗೆ ಮುಂದೆ ಸರಿದು ದಾರಿ ತೆರೆಯುತ್ತದೆ. ಮರದಿಂದ ಬಿದ್ದವರ ಕುತ್ತಿಗೆಯನ್ನು ಹೀಗೆ ಬಾಗಿಸದೆ, ಕೆಳದವಡೆಯನ್ನಷ್ಟೇ ಮುಂದಕ್ಕೆತ್ತತಕ್ಕದ್ದು. ಹತ್ತು ಎಣಿಸುವಷ್ಟು ಹೊತ್ತು ಎದೆಯ ಏರಿಳಿತವನ್ನು ನೋಡಿರಿ. ಉಸಿರು ಸರಾಗವಾಗಿದ್ದರೆ ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ಮಡಿಸಿ ಊರಿಸಿ, ಬಾಯನ್ನು ನೆಲದ ಕಡೆಗೆ ತಿರುಗಿಸಿರಿ. ಜೊಲ್ಲು, ವಾಂತಿ ಹೊರಕ್ಕೆ ಹರಿಯುತ್ತವೆ. ಗಾಡಿಯಲ್ಲಿ ಒಯ್ದರೂ ಇದೇ ಮಗ್ಗುಲಿನಲ್ಲಿ ಒಯ್ಯಬೇಕು. ಅಷ್ಟರೊಳಗೆ ಒಬ್ಬರು 108ಕ್ಕೆ ಫೋನು ಮಾಡಲಿ.

ಉಸಿರೇ ಇಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುತ್ತಿದ್ದರೆ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, 5 ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಸುಸ್ತಾದರೆ ಇನ್ನೊಬ್ಬರು ಕೈಕೊಡಲಿ.

ಎಚ್ಚರವಿದ್ದೂ ಏದುಸಿರು ಬಿಡುವವರ ಮಾತು ಬೇರೆ. ಅವರನ್ನು ಮಲಗಿಸಬೇಡಿ, ಮುಂದಕ್ಕೆ ಬಾಗಿ ಕೂರಲು ಬಿಡಿ. ಒಂದು ಪೂರ್ತಿ ಮಾತನ್ನು ಒಂದೇ ಉಸಿರಿಗೆ ಆಡಲಾರದಿದ್ದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯತಕ್ಕದ್ದಲ್ಲ. ಮೂಗಿಗೆ ಈರುಳ್ಳಿ ಹಿಡಿಯುವುದು, ಕೈಗೆ ಕಬ್ಬಿಣ ಕೊಡುವುದು ಇವುಗಳಿಂದ ಹೊತ್ತು ಹೋಗುವುದೇ ಹೊರತು ಉಸಿರು ಬಾರದು.

ಇನ್ನು ಕೀಟನಾಶಕದ ಮಾತು. ಹಲವು ಕೀಟನಾಶಕಗಳು ಮೈಗೆ ಸೇರಿದರೆ ಜೊಲ್ಲು, ಕಫ ಉಕ್ಕಿ ಉಸಿರಿನ ದಾರಿ ತುಂಬುತ್ತದೆ. ಉಸಿರಾಡಿಸುವ ಸ್ನಾಯುಗಳೂ ಸೋಲುತ್ತವೆ. ಕುಡಿದಿದ್ದರೂ ಬಲವಂತವಾಗಿ ವಾಂತಿ ಮಾಡಿಸಬಾರದು. ಬಾಯಿಗೆ ಬಾಯಿಟ್ಟು ಊದಬಾರದು, ವಿಷ ತಮಗೂ ತಗಲೀತು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅವರ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಈ ವಿಷಗಳಿಗೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಎಂಬ ಚುಚ್ಚುಮದ್ದುಂಟು. ಅದು ಉಕ್ಕುವ ಕಫವನ್ನು ಒಣಗಿಸುತ್ತದೆ. ಯಾವ ವಿಷವೆಂದು ವೈದ್ಯರಿಗೆ ತಿಳಿಯಬೇಕಾದುದರಿಂದ, ಚೀಟಿಯಿರುವ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.