ಅಬ್ಬು ಖಾನನ ಮೇಕೆ ಮತ್ತು ಜಾಕಿರ್ ಸಾಹೇಬರು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಡಾ. ಜಾಕಿರ್ ಹುಸೇನರು ಯಾರೆಂದು ಕೇಳಿದರೆ ನೀವು ಥಟ್ಟನೆ, ಭಾರತದ ಮೂರನೆಯ ರಾಷ್ಟ್ರಪತಿ ಎನ್ನುತ್ತೀರಿ. ಅದು ಸರಿ. ಆದರೆ ನಾನಿಂದು ಹೇಳಹೊರಟಿರುವುದು ಮಕ್ಕಳಿಗಾಗಿ ಕಥೆ ಬರೆದ ಜಾಕಿರ್ ಸಾಹೇಬರ ವಿಷಯ.

1897ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಅವರು, 1920ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಅಲೀಗಢದ ಕಾಲೇಜು ತೊರೆದು ಜಾಮಿಯಾ ಮಿಲ್ಲಿಯಾ ಸೇರಿದರು. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು 1926ರಲ್ಲಿ ಮರಳಿದಾಗ ಜಾಮಿಯಾ ಮುಚ್ಚುವ ಸ್ಥಿತಿಯಲ್ಲಿತ್ತು. 29ರ ಹರೆಯದಲ್ಲಿ ಅದರ ಹೊಣೆ ಹೊತ್ತರು. ತಿಂಗಳಿಗೆ 150 ರೂಪಾಯಿ ಮೀರದ ಸಂಬಳದಲ್ಲಿ 20 ವರ್ಷ ದುಡಿಯುತ್ತೇವೆಂದು ಅವರೂ ಅವರ ಸಂಗಡಿಗರೂ ಪ್ರತಿಜ್ಞೆ ಮಾಡಿದರು. ಅವರ ಶೈಕ್ಷಣಿಕ ಬರಹಗಳು 'ತಾಲೀಮಿ ಖುತ್ಬಾತ್'ನಲ್ಲಿವೆ, ಬಿ.ಎಡ್. ಓದುವವರು ತಪ್ಪದೆ ನೋಡಬೇಕು.

ಇನ್ನು 'ಅಬ್ಬು ಖಾನ್ ಕೀ ಬಕ್ರಿ'. ಫ್ರೆಂಚ್ ಲೇಖಕ ದೋದೆಯ ಕಥೆಯನ್ನು ಜಾಕಿರ್ ಸಾಹೇಬರು ಅಲ್ಮೋಡಾದ ಬೆಟ್ಟಕ್ಕೆ ತಂದರು. ಚಾಂದನಿ ಎಂಬ ಮೇಕೆ ಹಗ್ಗದ ಬದುಕು ಬೇಡವೆಂದು ಬೆಟ್ಟಕ್ಕೆ ಓಡುತ್ತದೆ. ರಾತ್ರಿಯಿಡೀ ತೋಳದೊಡನೆ ಕಾದಾಡಿ, ಬೆಳಗಿನ ಅಜಾನ್ ಮುಗಿಯುವ ಹೊತ್ತಿಗೆ ಕುಸಿದು ಬೀಳುತ್ತದೆ. ಮರದ ಮೇಲಿನ ಹಕ್ಕಿಗಳೆಲ್ಲ ತೋಳವೇ ಗೆದ್ದಿತು ಎಂದರೆ, ಮುದಿ ಹಕ್ಕಿಯೊಂದು ಮಾತ್ರ, ಇಲ್ಲ, ಗೆದ್ದದ್ದು ಚಾಂದನಿ ಎನ್ನುತ್ತದೆ.

ಈ ಕಥೆ ಪ್ರಕಟವಾದದ್ದು ರುಖಯ್ಯಾ ರೆಹಾನಾ ಎಂಬ ಹೆಸರಿನಲ್ಲಿ. ಅದು ಎಳವೆಯಲ್ಲೇ ತೀರಿಹೋದ ಅವರ ಮಗಳ ಹೆಸರು. ಅವರು ಶಾಲಾ ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದಾಗ ಜವಾನ ಬಂದು ಮಗಳ ಸಾವಿನ ಸುದ್ದಿಯನ್ನು ಕಿವಿಯಲ್ಲಿ ಹೇಳಿದನಂತೆ. ಮಕ್ಕಳ ಸಂತೋಷ ಕೆಡಬಾರದೆಂದು ಅವರು ಹಂಚುವುದನ್ನು ನಿಲ್ಲಿಸಲಿಲ್ಲ. ಈ ಪ್ರಸಂಗವನ್ನು ಓದಿದ ಮೇಲೆ ನನಗೆ ಆ ಕಥೆ ಮೊದಲಿನಂತೆ ಓದಲಾಗಿಲ್ಲ.

ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂದು ವರ್ಷ ಐದನೇ ತರಗತಿಯಲ್ಲಿ, ಮಕ್ಕಳು ಅಳಬಾರದೆಂದು, ಚಾಂದನಿಯನ್ನು ಜೀವಂತವಾಗಿ ಅಬ್ಬು ಖಾನನ ಮನೆಗೆ ಸೇರಿಸಿಬಿಟ್ಟೆ. ಒಬ್ಬ ಹುಡುಗಿ ಎದ್ದು ನಿಂತು, "ಮತ್ತೆ ಯಾಕೆ ಸರ್ ಅದು ಓಡಿಹೋಗಿದ್ದು?" ಎಂದಳು. ಉತ್ತರ ಹೊಳೆಯಲಿಲ್ಲ. ಮರುದಿನ ಜಾಕಿರ್ ಸಾಹೇಬರು ಬರೆದಂತೆಯೇ ಓದಿದೆ. ಇಬ್ಬರು ಮೂವರು ಅತ್ತರು, ನಿಜ. ಆಮೇಲೆ ಅರ್ಧ ತರಗತಿ ತೋಳದ ಪಕ್ಷ, ಅರ್ಧ ಚಾಂದನಿಯ ಪಕ್ಷ; ಗಂಟೆ ಹೊಡೆದರೂ ವಾದ ಮುಗಿಯಲಿಲ್ಲ.

ಉರ್ದು ಬಾರದ ಮಕ್ಕಳು ಸ್ಟಾಫ್ ರೂಮಿಗೆ ಬನ್ನಿ, ಕನ್ನಡದಲ್ಲಿ ಹೇಳುತ್ತೇನೆ.