ಎರಡು ದ್ವೀಪಗಳ ನಡುವೆ ಮೂರು ಗಂಟೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನನ್ನ ಸಾಧನೆ ಬಗ್ಗೆ ಮಾತಾಡಿ ಎಂದರು. ಅದಕ್ಕಿಂತ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಮಧ್ಯದ ದೂರ ಎಷ್ಟು, ಎಷ್ಟು ಹೊತ್ತು ಬೇಕು ಎಂದು ತೋರಿಸುವ ತಂತ್ರಾಂಶ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ದೂರದ ಲೆಕ್ಕ ಮಾಡಿದೆ. ಅಂಡಮಾನಿನ ಪೋರ್ಟ್ ಬ್ಲೇರ್ ಇರುವುದು ಸುಮಾರು 92.7 ಡಿಗ್ರಿ ರೇಖಾಂಶದಲ್ಲಿ, ಲಕ್ಷದ್ವೀಪದ ಅಗತ್ತಿ 72.2ರಲ್ಲಿ. ವ್ಯತ್ಯಾಸ 20.5 ಡಿಗ್ರಿ. ಭೂಮಧ್ಯರೇಖೆಯ ಮೇಲೆ ಒಂದು ಡಿಗ್ರಿಗೆ 111 ಕಿಲೋಮೀಟರ್. ಆದರೆ ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅದಕ್ಕೆ ಅಕ್ಷಾಂಶದ ಕಾಸ್ ಬೆಲೆಯಿಂದ ಗುಣಿಸಬೇಕು. ಕಾಸ್ 60 ಅಂದರೆ ಅರ್ಧ ಎಂದು ಇದೇ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. 60ನೇ ಅಕ್ಷಾಂಶದಲ್ಲಿ ಆ 111 ಕಿಲೋಮೀಟರ್ ನಿಜವಾಗಿಯೂ ಅರ್ಧಕ್ಕೆ ಇಳಿಯುತ್ತದೆ ಎಂದು ತಿಳಿದದ್ದು ಮಾತ್ರ ಆವತ್ತು. ನಮ್ಮ ದ್ವೀಪಗಳು 11 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ವ್ಯತ್ಯಾಸ ಕಡಿಮೆ. ದೂರ ಸುಮಾರು 2,240 ಕಿಲೋಮೀಟರ್ ಬಂತು. ಎರಡೂ ಕಡೆ ಗಡಿಯಾರ ಒಂದೇ, ಆದರೆ ಅಂಡಮಾನಿನಲ್ಲಿ ಸೂರ್ಯ ಹೆಚ್ಚುಕಡಿಮೆ ಎಂಬತ್ತು ನಿಮಿಷ ಮೊದಲೇ ಹುಟ್ಟುತ್ತಾನೆ!

ಇಷ್ಟೂ ಸರಿ ಇತ್ತು. ಆಮೇಲೆ ಆ ದೂರವನ್ನು ಗಂಟೆಗೆ 800 ಕಿಲೋಮೀಟರ್ ವೇಗದಿಂದ ಭಾಗಿಸಿ, ಪ್ರಯಾಣದ ಅವಧಿ ಮೂರು ಗಂಟೆಗೂ ಕಡಿಮೆ ಎಂದು ತೋರಿಸಿಬಿಟ್ಟೆ.

ಒಂದು ದಿನ ಫೋನ್ ಬಂತು. ಅಗತ್ತಿಯವನು, ಪೋರ್ಟ್ ಬ್ಲೇರಿನಲ್ಲಿ ಕೆಲಸ. "ಸಾರ್, ಅಪ್ಪನಿಗೆ ತುಂಬಾ ಹುಷಾರಿಲ್ಲ. ಮೂರು ಗಂಟೆ ಅಂತ ನಿಮ್ಮಲ್ಲಿ ಇದೆ. ಆ ವಿಮಾನ ಎಷ್ಟೊತ್ತಿಗೆ?" ಎಂದ.

ಅಂಥ ವಿಮಾನವೇ ಇರಲಿಲ್ಲ. ಮೊದಲು ಚೆನ್ನೈಗೆ ಬರಬೇಕು, ಅಲ್ಲಿಂದ ಕೊಚ್ಚಿಗೆ, ಆಮೇಲೆ ಅಗತ್ತಿಗೆ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಅಷ್ಟೇ, ದೊಡ್ಡ ಜೆಟ್ ಇಳಿಯುವುದಿಲ್ಲ. ಕೊಚ್ಚಿಯಿಂದ ಎಟಿಆರ್ ಎಂಬ ರೆಕ್ಕೆಪಂಖದ ವಿಮಾನ ಹೋಗುತ್ತದೆ. 460 ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಅದಕ್ಕೇ ಒಂದೂವರೆ ಗಂಟೆ ಹತ್ತಿರ ಬೇಕು. ಬೆಳಗಿನದು ತಪ್ಪಿದರೆ ಕೊಚ್ಚಿಯಲ್ಲೇ ರಾತ್ರಿ ಕಳೆಯಬೇಕು. ಇನ್ನು ಕವರತ್ತಿಯವರೋ ಕಲ್ಪೇನಿಯವರೋ ಆದರೆ ಅಗತ್ತಿಯಲ್ಲಿ ಇಳಿದು ಮತ್ತೆ ದೋಣಿಯನ್ನೋ ಹೆಲಿಕಾಪ್ಟರನ್ನೋ ನೋಡಬೇಕು. ಲಕ್ಷದ್ವೀಪಕ್ಕೆಲ್ಲ ವಿಮಾನ ನಿಲ್ದಾಣ ಇರುವುದು ಅದೊಂದೇ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ಚಿಕ್ಕಜಾಜೂರಿನವನು. ಬೆಂಗಳೂರು ಕಡೆಯ ಗಾಡಿ ಇಳಿದು, ದುರ್ಗದ ಗಾಡಿಗಾಗಿ ಗಂಟುಮೂಟೆ ಇಟ್ಟುಕೊಂಡು ಪ್ಲಾಟ್‌ಫಾರಂನಲ್ಲಿ ಕಾಯುವವರನ್ನು ದಿನವೂ ನೋಡಿ ಬೆಳೆದವನು. ಗಾಡಿ ಓಡುವ ಹೊತ್ತು ಬೇರೆ, ಊರು ಮುಟ್ಟುವ ಹೊತ್ತು ಬೇರೆ ಎಂದು ಜಂಕ್ಷನ್ ಊರಿನ ಹುಡುಗನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನಿಗೆ ದಾರಿ ಹುಡುಕಿಕೊಟ್ಟು, ಆ ರಾತ್ರಿಯೇ ಕೂತು ಪ್ರೋಗ್ರಾಂ ತಿದ್ದಿದೆ. ನೇರ ವಿಮಾನ ಇಲ್ಲದ ಕಡೆ ಹಾರುವ ಹೊತ್ತನ್ನು ತೋರಿಸುವುದನ್ನೇ ತೆಗೆದು, ಎಲ್ಲೆಲ್ಲಿ ಇಳಿಯಬೇಕು, ಎಷ್ಟೆಷ್ಟು ಕಾಯಬೇಕು ಎಂದು ಹಾಕಿದೆ. ಮೇಲಿನವರಿಗೆ ಅಷ್ಟು ಹಿಡಿಸಲಿಲ್ಲ, ಅಂಕಿ ದೊಡ್ಡದಾಗಿ ಕಾಣುತ್ತದೆ ಎಂದರು. ಹಾಗೇ ಬಿಟ್ಟೆ.

ಮೂರನೇ ದಿನ ಅವನ ಮೆಸೇಜು ಬಂತು: "ನಿನ್ನೆ ಮಧ್ಯಾಹ್ನ ಮುಟ್ಟಿದೆ. ಅಪ್ಪ ಗುರುತು ಹಿಡಿದರು."