ಕುದುರೆ ಬರ್ಲಿಲ್ಲ, ರಾಕ್ಷಸರು ಬಂದ್ರು

ಮಕ್ಕಳ ಪುಸ್ತಕ ಬರೆದು ಚಿತ್ರ ಬಿಡಿಸ್ತಿದ್ದ ಮಾರಿಸ್ ಸೆಂಡಾಕ್‌ಗೆ ಕುದುರೆ ಬಿಡಿಸೋಕೆ ಬರ್ತಿರ್ಲಿಲ್ಲ. ಅವರು ಯಾವಾಗ ಹುಟ್ಟಿದ್ರು, ಏನೇನು ಪ್ರಶಸ್ತಿ ಬಂತು ಅನ್ನೋದನ್ನ ಫೋನಲ್ಲಿ ನೋಡ್ಕೊಳ್ಳಿ. ನನ್ನ ತಲೇಲಿ ಕೂತಿರೋದು ಈ ಕುದುರೆ. ಯಾಕಂದ್ರೆ ಅವರು ಮೊದಲು ಹೊರಟಿದ್ದೇ ಕಾಡುಕುದುರೆಗಳ ಪುಸ್ತಕ ಮಾಡೋಕೆ. ಕುದುರೆ ಕೈಗೆ ಹತ್ತಲಿಲ್ಲ. ಸಂಪಾದಕಿ ಅರ್ಸುಲಾ ನಾರ್ಡ್‌ಸ್ಟ್ರಾಮ್ ಕೇಳಿದ್ರಂತೆ, ಹಾಗಾದ್ರೆ ನಿನಗೆ ಬಿಡಿಸೋಕೆ ಬರೋದಾದ್ರೂ ಏನು ಅಂತ.

ಬಂದಿದ್ದು ನೆಂಟರು! ಸೆಂಡಾಕ್ ಅವರದ್ದು ಬ್ರೂಕ್ಲಿನ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಯೆಹೂದಿ ಮನೆ. ಭಾನುವಾರ ಊಟಕ್ಕೆ ಬರೋ ದೊಡ್ಡವರು, ಕೆಟ್ಟ ಹಲ್ಲು, ಮೂಗಿಂದ ಇಣುಕೋ ಕೂದಲು. ಬಂದೋರೇ ಕೆನ್ನೆ ಹಿಂಡಿ, ತಿಂದ್ಬಿಡ್ತೀನಿ ನಿನ್ನ ಅನ್ನೋದು. ಅಮ್ಮನ ಅಡುಗೆ ತಡ ಆದ್ರೆ ನಿಜವಾಗ್ಲೂ ತಿಂದ್ಬಿಟ್ರೆ ಅಂತ ಹುಡುಗನಿಗೆ ದಿಗಿಲು. 1963ರಲ್ಲಿ ಬಂದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕದ ರಾಕ್ಷಸರು ಇವರೇ. ತಮ್ಮ ಪಾಡಿಗೆ ಊಟ ಮಾಡ್ಕೊಂಡು ಹೋದ ಪಾಪದ ನೆಂಟರು!

ಈಗ ಜಗಳಕ್ಕೆ ಬರ್ತೀನಿ. 1969ರಲ್ಲಿ ಬ್ರೂನೋ ಬೆಟಲ್‌ಹೈಮ್ ಅನ್ನೋ ಹೆಸರಾಂತ ಮನಶ್ಶಾಸ್ತ್ರಜ್ಞರು ‘ಲೇಡೀಸ್ ಹೋಮ್ ಜರ್ನಲ್’ನಲ್ಲಿ ಈ ಪುಸ್ತಕ ಮಕ್ಕಳನ್ನ ಹೆದರಿಸುತ್ತೆ ಅಂತ ಬರೆದ್ರು. ಪುಸ್ತಕ ಓದದೇನೇ! ಇಲ್ಲ, ಸ್ವಲ್ಪ ಬಿಡಿಸಿ ಹೇಳ್ಬೇಕು. ಅವರ ಮುಖ್ಯ ತಕರಾರು ರಾಕ್ಷಸರದ್ದಲ್ಲ. ತಂಟೆ ಮಾಡಿದ ಅಂತ ಕಥೆಯ ಹುಡುಗ ಮ್ಯಾಕ್ಸ್‌ನ ಅವನ ಅಮ್ಮ ಊಟ ಕೊಡದೆ ರೂಮಿಗೆ ಕಳಿಸ್ತಾಳಲ್ಲ, ಅದು. ಅಮ್ಮನೇ ಕೈಬಿಟ್ಟಳು ಅಂತ ಮಗುವಿಗೆ ಅನ್ನಿಸುತ್ತೆ ಅಂತ.

ಕೊನೇ ಪುಟ ತಿರುಗಿಸಿದ್ರೆ ಸಾಕಿತ್ತು. ಮ್ಯಾಕ್ಸ್ ರಾಕ್ಷಸರ ಕಾಡಿಂದ ವಾಪಸ್ ಬರೋ ಹೊತ್ತಿಗೆ ಊಟ ರೂಮಲ್ಲೇ ಇದೆ, ಆರಿಲ್ಲ ಕೂಡ. ಇನ್ನು ರಾಕ್ಷಸರು? ಶುರುವಿನ ಪುಟಗಳಲ್ಲಿ ಮ್ಯಾಕ್ಸ್ ನಾಯಿನ ಅಟ್ಟಿಸ್ಕೊಂಡು ಮೆಟ್ಟಿಲು ಇಳೀತಾನಲ್ಲ, ಅಲ್ಲಿ ಗೋಡೆ ನೋಡಿ. ಒಂದು ರಾಕ್ಷಸನ ಚಿತ್ರ ಅಂಟಿಸಿದೆ, ಕೆಳಗೆ ಮ್ಯಾಕ್ಸ್‌ನದೇ ಹೆಸರು. ಕಾಡಿಗೆ ಹೋಗೋ ಮೊದಲೇ ಅದನ್ನ ಬಿಡಿಸಿದ್ದು ಅವನೇ! ತಾನು ಬಿಡಿಸಿದ ರಾಕ್ಷಸನಿಗೆ ಯಾವ ಮಗು ಹೆದರುತ್ತೆ ಹೇಳಿ. ಅದು ಅವನ ಮಾತೇ ಕೇಳುತ್ತೆ, ಅವನನ್ನ ರಾಜ ಮಾಡುತ್ತೆ.

ಇದೇ ಪುಸ್ತಕದ ಬಗ್ಗೆ ಬೇಗ ಇನ್ನೊಂದು. ಮೊದಲ ಚಿತ್ರ ಚಿಕ್ಕದು, ಸುತ್ತ ಅಗಲವಾದ ಬಿಳಿ ಅಂಚು. ಮ್ಯಾಕ್ಸ್‌ನ ರೂಮು ಕಾಡಾಗ್ತಾ ಚಿತ್ರ ಹಿಗ್ಗುತ್ತೆ, ಮಾತು ಕೆಳಗೆ ಸರಿಯುತ್ತೆ. ರಾಕ್ಷಸರ ಜೊತೆ ಮ್ಯಾಕ್ಸ್‌ನ ಕುಣಿತ ಶುರುವಾದ್ರೆ ಎದುರುಬದುರು ಪುಟ ತುಂಬಿದ ಮೂರು ದೊಡ್ಡ ಚಿತ್ರ, ಒಂದಕ್ಷರ ಇಲ್ಲ. ಅಲ್ಲಿ ಓದಿ ಹೇಳೋ ಅಪ್ಪ-ಅಮ್ಮನಿಗೆ ಏನೂ ಕೆಲಸ ಇಲ್ಲ, ಆ ಗದ್ದಲ ಪೂರ್ತಿ ಮಗುವಿನದ್ದು. ಅಮ್ಮನ ಮುಖವನ್ನೂ ಎಲ್ಲೂ ಬಿಡಿಸಿಲ್ಲ, ಅದೂ ಮಗುವಿಗೇ ಬಿಟ್ಟಿದ್ದು.

ಆಮೇಲೆ 1970ರಲ್ಲಿ ಸೆಂಡಾಕ್ ಅವರದ್ದೇ ‘ಇನ್ ದ ನೈಟ್ ಕಿಚನ್’ ಬಂತು. ಅದರ ಹುಡುಗ ಮಿಕ್ಕಿ ಬರಿಮೈಲಿ ಹಿಟ್ಟಿನೊಳಗೆ ಬೀಳ್ತಾನೆ. ಕೆಲವು ಲೈಬ್ರರಿಯವರು ಬಣ್ಣ ತಗೊಂಡು ಅವನಿಗೆ ಲಂಗೋಟಿ ಬಳಿದ್ರು. ಸೆಂಡಾಕ್ ಚಿತ್ರ ತಿದ್ದೋಷ್ಟು ಧೈರ್ಯ ಇತ್ತು ನೋಡಿ ಇವರಿಗೆ!